ಹತಾರ ಜೋಡಣೆ

ಹತಾರ ಜೋಡಣೆ ಎಂದರೆ ಮನೆಯ ದುರಸ್ತಿ, ಮರಗೆಲಸ, ಕಬ್ಬಿಣದ ಕೆಲಸ ಮತ್ತು ಒಕ್ಕಲುತನಕ್ಕೆ ಬೇಕಾದ ಕೈ ಉಪಕರಣಗಳನ್ನೂ ಮೊಳೆ, ತಿರುಪು, ನಟ್ಟು, ಬೋಲ್ಟು ಮುಂತಾದ ಸಣ್ಣ ಸಾಮಾನುಗಳನ್ನೂ ಗೊತ್ತಾದ ಜಾಗಗಳಲ್ಲಿ ಇರಿಸುವ ಕ್ರಮ. ಬೇಕೆಂದಾಗ ಕೈಗೆ ಸಿಗಬೇಕು, ಇಟ್ಟಲ್ಲಿ ಕೆಡಬಾರದು, ಯಾರಿಗೂ ಗಾಯ ಮಾಡಬಾರದು ಎಂಬುವು ಅದರ ಮೂರು ಉದ್ದೇಶಗಳು. ಯಾದಗಿರಿ ಜಿಲ್ಲೆಯ ಸುರಪುರ, ಹುಣಸಗಿ ಮತ್ತು ಶಹಾಪುರ ತಾಲ್ಲೂಕುಗಳಲ್ಲಿ, ಅದರಲ್ಲೂ ಕೃಷ್ಣಾ ನದಿಗೆ ಹತ್ತಿರದ ಕಕ್ಕೇರಾ ಪಟ್ಟಣ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಈ ಕ್ರಮ ಎರಡು ಕಾಲಗಳ ಪದ್ಧತಿಗಳನ್ನು ಒಟ್ಟಿಗೆ ಇಟ್ಟುಕೊಂಡಿದೆ. ಒಂದು, ಗೂಟ, ಗೂಡು, ಜಂತಿಗಳನ್ನು ಆಧರಿಸಿದ ಹಳೆಯ ಮನೆಯ ಪದ್ಧತಿ. ಇನ್ನೊಂದು, ಪಂಪು, ಟ್ರ್ಯಾಕ್ಟರು, ಮೋಟಾರ್‌ಸೈಕಲ್ಲುಗಳ ಜೊತೆ ಬಂದ ಡಬ್ಬಿ ಮತ್ತು ಪೆಟ್ಟಿಗೆಗಳ ಪದ್ಧತಿ.

ಪರಿಭಾಷೆ

ಈ ಲೇಖನದಲ್ಲಿ ಹತಾರ ಎಂಬ ಮಾತನ್ನು ಕೈಯಲ್ಲಿ ಹಿಡಿದು ಕೆಲಸ ಮಾಡಿ ಮತ್ತೆ ಅದರ ಜಾಗಕ್ಕೆ ಮರಳಿಸುವ ವಸ್ತುವಿಗೆ ಮಾತ್ರ ಬಳಸಲಾಗಿದೆ. ಸುತ್ತಿಗೆ, ಉಳಿ, ಗರಗಸ, ಪಾನಾ (ಸ್ಪ್ಯಾನರ್), ಪಕ್ಕಡ್ (ಇಕ್ಕಳ) ಹತಾರಗಳು. ಕೆಲಸದೊಳಗೆ ಸೇರಿಹೋಗಿ ಅಲ್ಲೇ ಉಳಿಯುವ ಮೊಳೆ, ತಿರುಪು, ವಾಶರ್, ಕೀಲು ಇತ್ಯಾದಿ ಸಣ್ಣ ಸಾಮಾನುಗಳು. ಹತಾರ ಕಳೆದರೆ ಒಂದು ವಸ್ತು ಕಳೆಯುತ್ತದೆ. ಸಣ್ಣ ಸಾಮಾನು ಬೆರಕೆಯಾದರೆ ಎಲ್ಲವೂ ಕಣ್ಣೆದುರಿಗೇ ಇದ್ದು ಬೇಕಾದದ್ದು ಸಿಗದೆ ಹೋಗುತ್ತದೆ. ಆದ್ದರಿಂದ ಎರಡಕ್ಕೂ ಒಂದೇ ಬಗೆಯ ಜೋಡಣೆ ಹೊಂದುವುದಿಲ್ಲ. ಮನೆ ಕಾರ್ಯಾಗಾರ ಎಂದರೆ ಇಲ್ಲಿ ಬೇರೆಯಾಗಿ ಕಟ್ಟಿದ ಕೋಣೆಯೇ ಆಗಬೇಕೆಂದಿಲ್ಲ. ಪಡಸಾಲೆಯ ಒಂದು ಮೂಲೆ, ದನದ ಕೊಟ್ಟಿಗೆಯ ಪಕ್ಕದ ಗೋಡೆ, ಹೊಲದ ಪಂಪಿನ ಮನೆಯೂ ಆಗಬಹುದು.

ಹತಾರಗಳ ಹೆಸರುಗಳಲ್ಲಿ ಮೂರು ಪದರಗಳಿವೆ. ಬಾಚಿ, ಉಳಿ, ಕೊಡತಿ, ಅರ, ಇಕ್ಕಳ, ಚಾಣ, ಬೈರಿಗೆ, ಕುಡುಗೋಲು, ಸಲಿಕೆ ಮೊದಲಾದವು ಕುಲುಮೆ, ಬಡಿಗತನ ಮತ್ತು ಹೊಲದ ಮಾತುಗಳು. ಈ ಸೀಮೆ 1948ರವರೆಗೆ ಹೈದರಾಬಾದ್ ನಿಜಾಮರ ಆಳ್ವಿಕೆಗೆ ಸೇರಿತ್ತು. ಅದರಿಂದಾಗಿ ಎರಡನೆಯ ಪದರದ ಪಾನಾ, ಪಕ್ಕಡ್, ರಂದಾ, ಸಬ್ಬಲ್ ಮುಂತಾದ ಹಿಂದುಸ್ತಾನಿ ಮಾತುಗಳು ಗ್ಯಾರೇಜು ಮತ್ತು ಕಟ್ಟಡ ಕೆಲಸಗಳಲ್ಲಿ ಸಹಜವಾಗಿ ಬಳಕೆಯಲ್ಲಿವೆ. ಮೂರನೆಯದು ಸ್ಪ್ಯಾನರ್, ಸ್ಕ್ರೂಡ್ರೈವರ್, ಡ್ರಿಲ್, ಬಿಟ್ ಮೊದಲಾದ ಇಂಗ್ಲಿಷ್ ಮೂಲದ ಹೆಸರುಗಳ ಪದರ. ಹೀಗಾಗಿ ಮರ ನುಣುಪು ಮಾಡುವ ಒಂದೇ ಹತಾರವನ್ನು ಹಿರಿಯ ಬಡಿಗರು ಹತ್ತರಿ ಎಂದರೆ, ಕಟ್ಟಡದ ಕೆಲಸಗಾರರು ರಂದಾ ಎನ್ನುತ್ತಾರೆ, ವಿದ್ಯುತ್ತಿನಿಂದ ಓಡಿದರೆ ಅದೇ ಪ್ಲೇನರ್ ಆಗುತ್ತದೆ. ಒಂದೇ ಮನೆಯಲ್ಲಿ ಮೂರು ಹೆಸರು ಓಡಾಡುವಾಗ ಡಬ್ಬಿಯ ಮೇಲೆ ಹೆಸರು ಬರೆದರೆ ಎಲ್ಲರಿಗೂ ತಿಳಿಯುವುದಿಲ್ಲ. ಒಳಗಿರುವ ಸಾಮಾನಿನ ಒಂದು ಮಾದರಿಯನ್ನು ಹೊರಗೆ ತಂತಿಯಿಂದ ಕಟ್ಟುವ ರೂಢಿ ಓದು ಬರುವವರಿಗೂ ಬಾರದವರಿಗೂ ಸಮಾನವಾಗಿ ಒದಗುತ್ತದೆ.

ಮೂಲ ಮತ್ತು ಇತಿಹಾಸ

ಹತಾರ ಮಾಡುವ ಜಾಗವೊಂದನ್ನು ಗೊತ್ತುಮಾಡಿಕೊಂಡು, ಅಲ್ಲಿಗೆ ಬೇಕಾದ ಸಾಮಗ್ರಿ ಕೂಡಿಸಿಕೊಂಡ ಅತ್ಯಂತ ಹಳೆಯ ಕುರುಹುಗಳಲ್ಲಿ ಒಂದು ಇದೇ ಸೀಮೆಯಲ್ಲಿದೆ. ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಸಂಗಡಿಗರು 1990ರ ದಶಕದ ಕೊನೆಯಲ್ಲಿ ನಡೆಸಿದ ಉತ್ಖನನದಿಂದ ಹಳೆಯ ಶಿಲಾಯುಗದ ಕಲ್ಲುಗಣಿ ಮತ್ತು ಕಾರ್ಯಾಗಾರ ಬೆಳಕಿಗೆ ಬಂತು. ಪ್ರಾಣಿಗಳ ಹಲ್ಲಿನ ಪಳೆಯುಳಿಕೆಯ ಮೇಲೆ ನಡೆದ ಕಾಲನಿರ್ಣಯ ಇದರ ವಯಸ್ಸನ್ನು ಸುಮಾರು 12 ಲಕ್ಷ ವರ್ಷ ಎಂದು ತೋರಿಸಿದೆ. ಸ್ಥಳದಲ್ಲೇ ಎದ್ದು ಬರುತ್ತಿದ್ದ ಸುಣ್ಣಕಲ್ಲಿನ ಚಪ್ಪಡಿಗಳನ್ನು ಒಡೆದು ಕೈಕೊಡಲಿ ಮಾಡುತ್ತಿದ್ದರು. ಒಡೆಯಲು ಬಳಸಿದ ಸುತ್ತಿಗೆಗಲ್ಲುಗಳಾದರೋ ಬೇರೆ ಜಾತಿಯ ಗಟ್ಟಿ ಕಲ್ಲಿನವು, ಬೇರೆ ಬೇರೆ ಗಾತ್ರದವು. ಅವುಗಳ ಸುತ್ತ ಚಕ್ಕೆಗಳು ಗುಂಪುಗುಂಪಾಗಿ ಬಿದ್ದಿದ್ದವು. ದೊಡ್ಡ ಚಪ್ಪಡಿಗೆ ದೊಡ್ಡ ಕಲ್ಲು, ಅಂಚು ತಿದ್ದಲು ಸಣ್ಣ ಕಲ್ಲು ಎಂಬ ಆಯ್ಕೆ, ಕೂತು ಕೆಲಸ ಮಾಡುವ ಜಾಗದ ಹತ್ತಿರವೇ ಅವು ಇರಬೇಕೆಂಬ ಏರ್ಪಾಡು ಇಲ್ಲಿ ಕಾಣುತ್ತದೆ. ಸುರಪುರ ಸೀಮೆಯದೇ ಆದ ಬೂದಿಹಾಳದ ನವಶಿಲಾಯುಗದ ಬೂದಿದಿಬ್ಬದ ನೆಲೆಯಲ್ಲೂ ಚರ್ಟ್ ಕಲ್ಲಿನ ಅಲಗುಗಳನ್ನು ತಯಾರಿಸಿದ ಜಾಗ ದೊರೆತಿದೆ.

ಕಬ್ಬಿಣ ಮತ್ತು ಮರದ ಕಸುಬುಗಳು ನೆಲೆಯೂರಿದ ಮೇಲೆ ಹತಾರಗಳ ಒಡೆತನ ಎರಡು ಭಾಗವಾಯಿತು. ಮಾಡುವ ಹತಾರಗಳು ಕಂಬಾರರ ಕುಲುಮೆಯಲ್ಲಿ ಮತ್ತು ಬಡಿಗೇರರ ಸಾಲೆಯಲ್ಲಿ ಇದ್ದವು. ದುಡಿಯುವ ಹತಾರಗಳು ಒಕ್ಕಲು ಮನೆಗಳಲ್ಲಿ ಇದ್ದವು. ಕಸುಬಿನ ಹತಾರವೇ ಮನುಷ್ಯನ ಗುರುತಾಗುವುದು ಕನ್ನಡ ನಾಡಿನಲ್ಲಿ ಹಳೆಯ ಸಂಗತಿ. 12ನೇ ಶತಮಾನದ ಶರಣರಲ್ಲಿ ಬಡಿಗನೊಬ್ಬ ಬಾಚಿಕಾಯಕದ ಬಸವಯ್ಯ ಎಂದೇ ಹೆಸರಾದ. ಹಡಪ ಎಂದರೆ ಎಲೆಯಡಿಕೆಯ ಚೀಲ, ಕ್ಷೌರದ ಸಲಕರಣೆಯ ಚೀಲಕ್ಕೂ ಅದೇ ಹೆಸರು. ಆ ಚೀಲದಿಂದಲೇ ಹಡಪದ ಎಂಬ ಸಮುದಾಯದ ಹೆಸರು ಬಂದಿದೆ. ಹತಾರವನ್ನು ಇಡುವ ಸಾಧನವೊಂದು ಒಂದು ಜನಸಮುದಾಯಕ್ಕೆ ಹೆಸರು ಕೊಟ್ಟ ಉದಾಹರಣೆಯಾಗಿ ಇದು ಗಮನಾರ್ಹ. ಕಕ್ಕೇರಾಕ್ಕೆ ಸಮೀಪದಲ್ಲಿ, ಕೃಷ್ಣೆಯ ದಡದಲ್ಲಿರುವ ತಿಂಥಣಿಯ ಮೌನೇಶ್ವರರು ವಿಶ್ವಕರ್ಮ ಮನೆತನದಲ್ಲಿ ಹುಟ್ಟಿದ ಸಂತರು. ಕಂಬಾರ, ಬಡಿಗೇರ, ಕಂಚುಗಾರ, ಶಿಲ್ಪಿ, ಅಕ್ಕಸಾಲಿಗ ಎಂಬ ಐದು ಕಸುಬಿನವರಿಗೆ ಈ ಕ್ಷೇತ್ರ ಮುಖ್ಯವಾದುದು.

ಒಕ್ಕಲು ಮನೆಯಲ್ಲಿ ಆಗ ಸಣ್ಣ ಸಾಮಾನಿನ ತೊಡಕು ಇರಲಿಲ್ಲ. ಮರದ ಕೂರಿಗೆ, ಕುಂಟೆ, ರಂಟೆಗಳನ್ನು ಬಿಗಿಯುತ್ತಿದ್ದುದು ಬೆಣೆ, ಗೂಟ, ಹಗ್ಗ ಮತ್ತು ಮಿಣಿ. ಬೆಣೆ ಕಳೆದರೆ ಜಾಲಿಯ ತುಂಡಿನಿಂದ ಇನ್ನೊಂದು ಕೆತ್ತಿಕೊಳ್ಳಬಹುದಿತ್ತು. ಕುಡ ಸವೆದರೆ ಕಂಬಾರರ ಬಳಿ ತಟ್ಟಿಸಿಕೊಂಡು ಬರುತ್ತಿದ್ದರು. ಅದಕ್ಕೆ ಕೂಲಿಯಾಗಿ ಸುಗ್ಗಿಯಲ್ಲಿ ಜೋಳ ಅಳೆದು ಕೊಡುವ ಆಯದ ಪದ್ಧತಿ ಇತ್ತು.

ಈ ಸ್ಥಿತಿಯನ್ನು ಬದಲಿಸಿದ್ದು ಕಾರ್ಖಾನೆಯ ಕಬ್ಬಿಣ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಉದ್ಯಮ ಆರಂಭಿಸಿ, ಮುಂದೆ ಕಬ್ಬಿಣದ ನೇಗಿಲು ಮತ್ತು ಮೇವು ಕತ್ತರಿಸುವ ಯಂತ್ರಗಳನ್ನು ತಯಾರಿಸಿದರು. 1910ರಲ್ಲಿ ಕಾರ್ಖಾನೆ ಕಿರ್ಲೋಸ್ಕರ್‌ವಾಡಿಗೆ ಸಾಗಿತು. ಉತ್ತರ ಕರ್ನಾಟಕದ ಕರಿಮಣ್ಣಿಗೆ ಇಳಿದ ಕಬ್ಬಿಣದ ನೇಗಿಲಿನೊಂದಿಗೆ ಬೋಲ್ಟು, ನಟ್ಟು, ಪಾನಾ ಒಕ್ಕಲು ಮನೆಗೆ ಕಾಲಿಟ್ಟವು. ಕಕ್ಕೇರಾ ಭಾಗದಲ್ಲಿ ಇನ್ನೂ ದೊಡ್ಡ ಬದಲಾವಣೆ ತಂದದ್ದು ನೀರಾವರಿ. ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಅಣೆಕಟ್ಟು, ಅಂದರೆ ಬಸವಸಾಗರ, 1982ರಲ್ಲಿ ಪೂರ್ಣಗೊಂಡು ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರ ಸೀಮೆಗೆ ಹರಿಯಿತು. ಜೋಳ, ತೊಗರಿ, ಶೇಂಗಾದ ಹೊಲಗಳ ನಡುವೆ ಭತ್ತದ ಗದ್ದೆ ಬಂತು. ಪಂಪು, ಪೈಪು, ಔಷಧ ಸಿಂಪಡಿಸುವ ಯಂತ್ರ, ಟ್ರ್ಯಾಕ್ಟರು ಬಂದವು. ಇವುಗಳಲ್ಲಿ ಒಂದೊಂದೂ ನೂರಾರು ಬಿಡಿಭಾಗಗಳ ಮೇಲೆ ನಿಂತಿದೆ. ಈ ಭಾಗದ ಮನೆಗಳಲ್ಲಿ ಡಬ್ಬಿಗಟ್ಟಲೆ ನಟ್ಟು ಬೋಲ್ಟು ಕೂಡತೊಡಗಿದ ಕಾಲ ಇದೇ.

ಹಳೆಯ ಮನೆಯಲ್ಲಿ ಹತಾರದ ಜಾಗ

ಕಲ್ಲು ಮಣ್ಣಿನ ದಪ್ಪ ಗೋಡೆ, ಮರದ ತೊಲೆ ಮತ್ತು ಜಂತಿ, ಮೇಲೆ ಮಣ್ಣಿನ ಮಾಳಿಗೆ ಇರುವ ಮನೆಯೇ ಈ ಸೀಮೆಯ ಹಳೆಯ ಮನೆ. ಕಟ್ಟುವಾಗಲೇ ಹತಾರಗಳ ಜಾಗವೂ ಅದರೊಳಗೆ ಸೇರಿರುತ್ತಿತ್ತು. ಗೋಡೆಯ ದಪ್ಪದಲ್ಲಿ ಬಿಟ್ಟ ಗೂಡುಗಳಲ್ಲಿ ದೀಪದ ಜೊತೆ ಸಾಣೆಕಲ್ಲು, ಸೂಜಿ, ದಬ್ಬಣ, ಸಣ್ಣ ಅರ ಇರುತ್ತಿದ್ದವು. ಕಲ್ಲಿನ ಸಂದಿಗೆ ಬಡಿದ ಮರದ ಗೂಟಗಳಿಗೆ ಹಗ್ಗ, ಮಿಣಿ, ಬಾರುಕೋಲು ತೂಗುತ್ತಿದ್ದವು. ಕುಡುಗೋಲನ್ನು ಜಂತಿಯ ಸಂದಿಯಲ್ಲಿ ಅಲಗು ಒಳಮುಖವಾಗಿ ಸಿಕ್ಕಿಸುತ್ತಿದ್ದರು. ಮಕ್ಕಳ ಕೈಗೆ ಎಟುಕದು, ಒಲೆಯ ಹೊಗೆ ತಾಗಿ ಒಣಗಿರುತ್ತದೆ, ನಿಂತು ಕೈ ಚಾಚಿದರೆ ಹಿಡಿಯೇ ಮೊದಲು ಸಿಗುತ್ತದೆ. ಮೂರು ಉದ್ದೇಶಗಳೂ ಒಂದೇ ಜಾಗದಲ್ಲಿ ಕೂಡಿಬರುವ ಈ ಏರ್ಪಾಡಿಗಿಂತ ಒಳ್ಳೆಯದು ಕುಡುಗೋಲಿಗೆ ಇನ್ನೂ ದೊರೆತಿಲ್ಲ. ಹಾರೆ, ಸಲಿಕೆ, ಗುದ್ದಲಿಗಳು ಬಾಗಿಲ ಹಿಂದಿನ ಮೂಲೆಯಲ್ಲಿ, ಕೂರಿಗೆ ಕುಂಟೆಗಳು ಕೊಟ್ಟಿಗೆಯ ಗೋಡೆಗೆ ಒರಗಿ ಅಥವಾ ಅಟ್ಟದ ಮೇಲೆ ಇರುತ್ತಿದ್ದವು. ಗೋಡೆಗೆ ಕೂಡಿಸಿದ ಹಲಗೆಗೆ ನಾಗಂದಿಗೆ ಎಂಬ ಹೆಸರಿದೆ.

ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು, ಜನರ ಮಾತಿನಲ್ಲಿ ಫರಸಿ, ಈ ಭಾಗದ ನೆಲಹಾಸಿಗೆ ಹೇಗೋ ಹಾಗೆಯೇ ಗೋಡೆಯ ಹಲಗೆಗೂ ಬಳಕೆಯಾಗುತ್ತದೆ. ಪದರಪದರವಾಗಿ ಏಳುವ ಸುಣ್ಣಕಲ್ಲು ಇದು. ಗೆದ್ದಲು ತಿನ್ನುವುದಿಲ್ಲ, ಎಣ್ಣೆ ಬಿದ್ದರೆ ಒರೆಸಬಹುದು, ಕಬ್ಬಿಣದ ಭಾರಕ್ಕೆ ಮರದ ಹಲಗೆಯಂತೆ ಬಾಗುವುದಿಲ್ಲ. ಆದರೆ ಪೆಟ್ಟಿಗೆ ಅಂಚು ಚಕ್ಕೆ ಏಳುತ್ತದೆ, ಆಧಾರವಿಲ್ಲದ ಅಗಲ ಹೆಚ್ಚಾದರೆ ಒಮ್ಮೆಲೇ ಮುರಿಯುತ್ತದೆ. ಆದ್ದರಿಂದ ಎರಡು ತುದಿಗಳನ್ನೂ ಗೋಡೆಯೊಳಗೆ ಕೂಡಿಸಿ, ನಡುವೆ ಒಂದು ಆಧಾರಕಲ್ಲು ಕೊಡುವುದು ವಾಡಿಕೆ.

ಹತಾರಗಳ ವಿಂಗಡಣೆ

ಹತಾರಗಳನ್ನು ಎರಡು ಬಗೆಯಲ್ಲಿ ವಿಂಗಡಿಸುತ್ತಾರೆ. ಜಾತಿವಾರು ವಿಂಗಡಣೆಯಲ್ಲಿ ಎಲ್ಲ ಸುತ್ತಿಗೆ ಒಂದು ಕಡೆ, ಎಲ್ಲ ಪಾನಾ ಒಂದು ಕಡೆ. ಕೆಲಸವಾರು ವಿಂಗಡಣೆಯಲ್ಲಿ ಪಂಪು ಬಿಚ್ಚಲು ಬೇಕಾದದ್ದೆಲ್ಲ ಒಂದು ಚೀಲದಲ್ಲಿ, ಸೈಕಲ್ಲಿನ ಪಂಕ್ಚರು ತೆಗೆಯುವುದೆಲ್ಲ ಒಂದು ಡಬ್ಬಿಯಲ್ಲಿ. ಒಂದೇ ಜಾಗದಲ್ಲಿ ಕೂತು ಹಲವು ಕೆಲಸ ಮಾಡುವ ಬಡಿಗರಿಗೆ ಮೊದಲನೆಯದು ಸರಿ. ಮನೆಯಿಂದ ಹೊಲಕ್ಕೆ, ಹೊಲದಿಂದ ಕಾಲುವೆ ದಡಕ್ಕೆ ಓಡಾಡುವ ಒಕ್ಕಲು ಮನೆಗೆ ಎರಡನೆಯದೇ ಮೇಲು. ಮೋಟರು ಕೆಟ್ಟಾಗ ಒಂದು ಪಾನಾಕ್ಕಾಗಿ ಹೊಲದಿಂದ ಊರಿಗೆ ಮರಳುವುದು ತಪ್ಪುತ್ತದೆ. ಕೆಲಸವಾರು ಚೀಲಕ್ಕಾಗಿ ಒಂದೆರಡು ಪಾನಾ ಹೆಚ್ಚಿಗೆ ಕೊಳ್ಳಬೇಕಾಗುವುದೊಂದೇ ಅದರ ಖರ್ಚು.

ಅಲಗಿರುವ ಹತಾರಗಳನ್ನು ಬಡಿಯುವ ಹತಾರಗಳ ಜೊತೆ ಒಂದೇ ಪೆಟ್ಟಿಗೆಗೆ ಹಾಕಬಾರದು. ಸುತ್ತಿಗೆ ತಾಗಿ ಉಳಿಯ ಬಾಯಿ ಮುಕ್ಕಾಗುತ್ತದೆ. ಅರಗಳನ್ನು ಒಂದರ ಮೇಲೊಂದು ಒಟ್ಟಿದರೆ ಅವು ಪರಸ್ಪರ ಹಲ್ಲು ಸವೆಸುತ್ತವೆ. ಉಳಿಗಳನ್ನು ಹಳೆಯ ಬಟ್ಟೆಯ ಗೂಡುಗಳಿರುವ ಸುರುಳಿಯಲ್ಲಿ ಸುತ್ತಿಡುವುದೂ, ಗರಗಸದ ಹಲ್ಲಿಗೆ ಸೀಳಿದ ರಬ್ಬರ್ ಪೈಪು ತೊಡಿಸುವುದೂ, ಬೈರಿಗೆಯ ಮೊನೆಗಳನ್ನು ಮರದ ತುಂಡಿನ ತೂತುಗಳಲ್ಲಿ ಅಳತೆಯ ಸಾಲಿನಲ್ಲಿ ನಿಲ್ಲಿಸುವುದೂ ಇದಕ್ಕಾಗಿ.

ಸಣ್ಣ ಸಾಮಾನು

ಸಣ್ಣ ಸಾಮಾನಿನ ಜೋಡಣೆಯ ತಿರುಳು ಅಳತೆ. ಭಾರತದಲ್ಲಿ 1956ರ ತೂಕ ಮತ್ತು ಅಳತೆ ಕಾಯ್ದೆಯ ಪ್ರಕಾರ 1958ರ ಅಕ್ಟೋಬರ್‌ನಿಂದ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಜಾರಿಗೆ ಬಂತು. ಆದರೂ ಮರ ಮತ್ತು ಕಟ್ಟಡದ ಕೆಲಸಗಳಲ್ಲಿ ಇಂಚು ಮತ್ತು ಸೂತು ಉಳಿದಿವೆ. ಒಂದು ಇಂಚಿಗೆ ಎಂಟು ಸೂತು, ಒಂದು ಸೂತು 3 ಮಿಲಿಮೀಟರಿಗಿಂತ ತುಸು ಹೆಚ್ಚು. ಮೊಳೆ ಇಂಚಿನ ಅಳತೆಯಲ್ಲಿ, ತೂಕದ ಮೇಲೆ ಮಾರಾಟವಾಗುತ್ತದೆ. ಅದರ ದಪ್ಪವನ್ನು ಹೇಳುವ ಗೇಜ್ ಸಂಖ್ಯೆ ಹೆಚ್ಚಾದಷ್ಟೂ ಮೊಳೆ ತೆಳ್ಳಗಾಗುತ್ತದೆ. ಮರದ ತಿರುಪಿಗೆ ಉದ್ದ ಮಿಲಿಮೀಟರಿನಲ್ಲಿ, ದಪ್ಪ ನಂಬರಿನಲ್ಲಿ. ಪೈಪು ಮತ್ತು ಅದರ ಜೋಡುಗಳನ್ನು ಅರ್ಧ, ಮುಕ್ಕಾಲು, ಒಂದು ಇಂಚು ಎಂದೇ ಕೇಳುತ್ತಾರೆ. ಬೋಲ್ಟಿಗೆ ಮಾತ್ರ ಮಿಲಿಮೀಟರು ಮತ್ತು ಇಂಚು ಎರಡೂ ಇವೆ.

ತೊಡಕು ಹುಟ್ಟುವುದು ಬೋಲ್ಟಿನಲ್ಲೇ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಬೋಲ್ಟಿನ ಸುರುಳಿಗೆ ಮೊದಲ ಬಾರಿಗೆ ಒಂದು ಗೊತ್ತಾದ ಅಳತೆ ಸೂಚಿಸಿದ. ಅದರ ಹಲ್ಲಿನ ಕೋನ 55 ಡಿಗ್ರಿ, ಇಂದಿನ ಮೆಟ್ರಿಕ್ ಸುರುಳಿಯದು 60 ಡಿಗ್ರಿ. ಹಳೆಯ ಡೀಸೆಲ್ ಇಂಜಿನ್ನು ಮತ್ತು ನೇಗಿಲುಗಳಲ್ಲಿ ವಿಟ್‌ವರ್ತ್ ಬೋಲ್ಟುಗಳು ಇನ್ನೂ ಸಿಗುತ್ತವೆ. 5/16 ಇಂಚಿನ ಬೋಲ್ಟಿನ ದಪ್ಪ 7.94 ಮಿಲಿಮೀಟರು, 8 ಮಿಲಿಮೀಟರಿನ ಮೆಟ್ರಿಕ್ ಬೋಲ್ಟಿನ ಪಕ್ಕದಲ್ಲಿಟ್ಟರೆ ಕಣ್ಣಿಗೆ ವ್ಯತ್ಯಾಸ ತಿಳಿಯದು. ವಿಟ್‌ವರ್ತ್ ಬೋಲ್ಟಿಗೆ ಇಂಚಿಗೆ 18 ಸುತ್ತು, ಮೆಟ್ರಿಕ್ ಬೋಲ್ಟಿಗೆ ಒಂದು ಸುತ್ತಿಗೆ 1.25 ಮಿಲಿಮೀಟರು, ಅಂದರೆ ಇಂಚಿಗೆ ಸುಮಾರು 20 ಸುತ್ತು. ಒಂದರ ನಟ್ಟು ಇನ್ನೊಂದಕ್ಕೆ ಒಂದೆರಡು ಸುತ್ತು ಏರಿ ಬಿಗಿದುಕೊಳ್ಳುತ್ತದೆ. ಅಲ್ಲಿಂದ ಪಾನಾ ಹಾಕಿ ಬಲವಂತ ಮಾಡಿದರೆ ಎರಡರ ಸುರುಳಿಯೂ ಹಾಳು. ಆದ್ದರಿಂದ ಇಂಚಿನ ಬೋಲ್ಟು ಮತ್ತು ಮಿಲಿಮೀಟರಿನ ಬೋಲ್ಟುಗಳಿಗೆ ಬೇರೆ ಬೇರೆ ಡಬ್ಬಿ ಮಾಡುವುದು ಸಣ್ಣ ಸಾಮಾನಿನ ವಿಂಗಡಣೆಯಲ್ಲಿ ಮೊದಲ ಕೆಲಸ. ಬಣ್ಣ, ಉದ್ದ, ತಲೆಯ ಆಕಾರ ಎಲ್ಲ ಆಮೇಲೆ. ಗುರುತಿಸುವ ಸರಳ ಉಪಾಯವೆಂದರೆ ಗೊತ್ತಿರುವ ಬೋಲ್ಟನ್ನು ಗೊತ್ತಿಲ್ಲದ ಬೋಲ್ಟಿನ ಹಲ್ಲಿಗೆ ಹಲ್ಲು ಕೂಡಿಸಿ ಬೆಳಕಿಗೆ ಹಿಡಿಯುವುದು. ನಡುವೆ ಬೆಳಕು ಕಾಣದಿದ್ದರೆ ಎರಡೂ ಒಂದೇ ಸುರುಳಿಯವು.

ಪಾನಾದ ಮೇಲೆ ಇರುವ ಅಂಕೆ ಬೋಲ್ಟಿನ ದಪ್ಪದ್ದಲ್ಲ, ತಲೆಯ ಅಗಲದ್ದು. ಭಾರತದ ಅಂಗಡಿಗಳಲ್ಲಿ ಸಿಗುವ ಎರಡು ಬಾಯಿಯ ಎಂಟು ಪಾನಾಗಳ ಸೆಟ್ಟಿನಲ್ಲಿ ಸಾಮಾನ್ಯವಾಗಿ 6-7, 8-9, 10-11, 12-13, 14-15, 16-17, 18-19, 20-22 ಎಂಬ ಜೋಡಿಗಳಿರುತ್ತವೆ. 6 ಮಿಲಿಮೀಟರಿನ ಬೋಲ್ಟಿಗೆ 10ರ ಪಾನಾ, 8ಕ್ಕೆ 13, 10ಕ್ಕೆ 16 ಅಥವಾ 17, 12ಕ್ಕೆ 18 ಅಥವಾ 19. ಜಪಾನಿ ವಿನ್ಯಾಸದ ಮೋಟಾರ್‌ಸೈಕಲ್ಲುಗಳಲ್ಲಿ ತಲೆ ಚಿಕ್ಕದು: 8ರ ಬೋಲ್ಟಿಗೆ 12, 10ರದಕ್ಕೆ 14. ಡಬ್ಬಿಯ ಮೇಲೆ ಬೋಲ್ಟಿನ ಅಳತೆಯ ಜೊತೆಗೆ ಪಾನಾದ ಅಂಕೆಯನ್ನೂ ಬರೆದಿಟ್ಟರೆ ಒಂದೇ ನೋಟಕ್ಕೆ ಎರಡೂ ಸಿಗುತ್ತವೆ. ಸೈಕಲ್ಲಿನ ಎಡಗಡೆಯ ಪೆಡಲಿನಂತೆ ಉಲ್ಟಾ ಸುರುಳಿ ಇರುವ ಭಾಗಗಳನ್ನು ಎಲ್ಲದರಿಂದಲೂ ಬೇರೆಯಾಗಿ, ಗುರುತು ಕಟ್ಟಿ ಇಡಬೇಕು.

ಯಂತ್ರದಿಂದ ಬಿಚ್ಚಿದ ಬೋಲ್ಟನ್ನು ಸಾಮಾನ್ಯ ಡಬ್ಬಿಗೆ ಹಾಕದೆ, ಆದಷ್ಟು ಅದರ ತೂತಿಗೇ ಮರಳಿ ತೊಡಿಸಿ ಎರಡು ಸುತ್ತು ತಿರುಗಿಸಿ ಇಡುವುದು ಅನುಭವಸ್ಥ ಮೆಕ್ಯಾನಿಕರ ಕ್ರಮ. ಆಗದಿದ್ದರೆ ರಟ್ಟಿನ ಮೇಲೆ ಯಂತ್ರದ ಚಿತ್ರ ಬರೆದು, ಬೋಲ್ಟುಗಳನ್ನು ಅವುಗಳ ಜಾಗದಲ್ಲೇ ಚುಚ್ಚಿ ನಿಲ್ಲಿಸುತ್ತಾರೆ. ಗುಂಡುಗಳು, ಸ್ಪ್ರಿಂಗುಗಳು, ತೆಳು ವಾಶರುಗಳಂಥ ಉರುಳಿ ಕಾಣೆಯಾಗುವ ಸಾಮಾನಿಗೆ ಅಂಚಿರುವ ತಟ್ಟೆ ಬೇಕು. ಒಡೆದ ಸ್ಪೀಕರಿನ ಅಯಸ್ಕಾಂತವನ್ನು ತಟ್ಟೆಯ ಅಡಿಗೆ ಅಂಟಿಸಿದರೆ ಕಬ್ಬಿಣದ ಸಾಮಾನು ಅಲ್ಲಾಡುವುದಿಲ್ಲ. ಹಿತ್ತಾಳೆ ಮತ್ತು ಪ್ಲಾಸ್ಟಿಕ್ಕಿಗೆ ಇದು ಒದಗದು.

ಡಬ್ಬಿಗಳ ಮಟ್ಟಿಗೆ ಕೊಂಡು ತಂದದ್ದಕ್ಕಿಂತ ಉಳಿದದ್ದನ್ನು ಬಳಸುವುದೇ ಹೆಚ್ಚು. ಬಿಸ್ಕೀಟಿನ ತಗಡಿನ ಡಬ್ಬಿ, ಗಾಜಿನ ಬಾಟಲಿ, ಪಕ್ಕ ಕೊಯ್ದ ಎಣ್ಣೆಯ ಕ್ಯಾನು, ಅಡ್ಡ ಕೊಯ್ದ 15 ಕಿಲೋ ಎಣ್ಣೆಡಬ್ಬ ಇವೆಲ್ಲ ಬಳಕೆಯಲ್ಲಿವೆ. ಒಳಗಿರುವುದು ಕಾಣುವುದರಿಂದ ಗಾಜು ಮತ್ತು ತಿಳಿ ಪ್ಲಾಸ್ಟಿಕ್ಕಿಗೆ ಒಂದು ಹೆಚ್ಚುಗಾರಿಕೆ ಇದೆ. ಬಾಟಲಿಯ ಮುಚ್ಚಳವನ್ನು ಮರದ ಹಲಗೆಯ ಅಡಿಗೆ ತಿರುಪಿನಿಂದ ಬಿಗಿದು, ಬಾಟಲಿಯನ್ನು ಕೆಳಗಿನಿಂದ ತಿರುಗಿಸಿ ತೂಗಿಬಿಡುವ ಪದ್ಧತಿ ಜಗತ್ತಿನ ಹಲವು ಕಡೆ ಇದೆ. ಆದರೆ ಔಷಧ ಸಿಂಪಡಣೆಯ ಬಾಟಲಿಗಳನ್ನು ತೊಳೆದಾದರೂ ಸಾಮಾನು ಇಡಲು ಬಳಸಬಾರದು. ಕೀಟನಾಶಕದ ಅಂಶ ಬಾಟಲಿಯ ಒಳಮೈಯಲ್ಲಿ ಉಳಿದು ಕೈಗೆ ಹತ್ತುತ್ತದೆ.

ಜೋಡಣೆಯ ವಿಧಗಳು

ಪೆಟ್ಟಿಗೆಯಲ್ಲಿ ಇಡುವುದು ಅತ್ಯಂತ ಹಳೆಯ ವಿಧಗಳಲ್ಲೊಂದು. ಸ್ವೀಡನ್ನಿನ ಗೊಟ್‌ಲ್ಯಾಂಡ್ ದ್ವೀಪದ ಮೆಸ್ಟರ್‌ಮೀರ್ ಜೌಗಿನಲ್ಲಿ 1936ರಲ್ಲಿ ಉಳುವಾಗ ಸಿಕ್ಕಿದ ಓಕ್ ಮರದ ಪೆಟ್ಟಿಗೆ ಸುಮಾರು ಸಾವಿರ ವರ್ಷ ಹಿಂದಿನದು. ಬಡಗಿ ಮತ್ತು ಕಮ್ಮಾರ ಎರಡೂ ಕೆಲಸದ ಹತಾರ ಸೇರಿ ಇನ್ನೂರಕ್ಕೂ ಹೆಚ್ಚು ವಸ್ತುಗಳು ಅದರೊಂದಿಗೆ ದೊರೆತವು. ಅಮೆರಿಕದ ಪಿಯಾನೋ ಕೆಲಸಗಾರ ಹೆನ್ರಿ ಸ್ಟಡ್ಲಿ (1838-1925) ಗೋಡೆಗೆ ತೂಗುವ ಪೆಟ್ಟಿಗೆಯೊಂದರಲ್ಲಿ ಸುಮಾರು 300 ಹತಾರಗಳನ್ನು ಒಂದಕ್ಕೊಂದು ತಾಗದಂತೆ ಕೂಡಿಸಿದ್ದ. ಮುಚ್ಚಿದಾಗ ಅದರ ಎತ್ತರ ಸುಮಾರು ಒಂದು ಮೀಟರು ಅಷ್ಟೇ. ಈ ಸೀಮೆಯಲ್ಲಿ ಆ ಕೆಲಸ ಮಾಡುವುದು ತಗಡಿನ ಸಂದೂಕ. ಬೀಗ ಹಾಕಬಹುದು, ಬಂಡಿಗೆ ಏರಿಸಬಹುದು. ತಳದಲ್ಲಿರುವುದನ್ನು ತೆಗೆಯಲು ಮೇಲಿನದೆಲ್ಲ ಹೊರಗೆ ಹಾಕಬೇಕಾಗುವುದು ಅದರ ಕೊರತೆ, ಒಳಗೆ ತೆಗೆದಿಡುವ ಒಂದು ತಟ್ಟೆ ಮಾಡಿಸಿದರೆ ಅರ್ಧ ತೊಂದರೆ ಕಳೆಯುತ್ತದೆ.

ಗೋಡೆಯ ಹಲಗೆಯಲ್ಲಿ ಪ್ರತಿ ಹತಾರಕ್ಕೂ ಮೊಳೆ ಬಡಿದು, ಅದರ ಆಕಾರವನ್ನು ಹಿಂದೆ ಬಣ್ಣದಲ್ಲಿ ಬರೆಯುವುದು ಇನ್ನೊಂದು ವಿಧ. ಹತಾರ ಮರಳದಿದ್ದರೆ ಖಾಲಿ ಆಕಾರ ಕಣ್ಣಿಗೆ ಹೊಡೆಯುತ್ತದೆ. ವಿಮಾನ ದುರಸ್ತಿಯ ಕಡೆ ಈ ಪದ್ಧತಿ ಕಡ್ಡಾಯದಷ್ಟು ಮುಖ್ಯ. ಇಂಜಿನ್ನಿನಲ್ಲಿ ಮರೆತ ಒಂದು ಪಾನಾ ಜೀವಹಾನಿ ಮಾಡಬಲ್ಲದು. ಜಪಾನಿನ ಕಾರ್ಖಾನೆಗಳಿಂದ ಹರಡಿದ ಐದು ಹಂತದ ಶಿಸ್ತು, ಅಂದರೆ ಬೇಡದ್ದನ್ನು ತೆಗೆಯುವುದು, ಬೇಕಾದದ್ದಕ್ಕೆ ಜಾಗ ಗೊತ್ತುಮಾಡುವುದು, ಸ್ವಚ್ಛ ಮಾಡುವುದು, ಅದನ್ನೇ ಕ್ರಮವಾಗಿಸುವುದು, ರೂಢಿಯಾಗಿ ಉಳಿಸಿಕೊಳ್ಳುವುದು, ಕೈಗಾರಿಕಾ ತರಬೇತಿ ಸಂಸ್ಥೆಗಳ ಮೂಲಕ ಇಲ್ಲಿನ ಯುವಕರಿಗೂ ಪರಿಚಿತವಾಗಿದೆ. ಕಲ್ಲು ಮಣ್ಣಿನ ಗೋಡೆಗೆ ನೇರವಾಗಿ ಮೊಳೆ ನಿಲ್ಲದು. ಸಂದಿಗೆ ಬಡಿದ ಎರಡು ಗೂಟಗಳಿಗೆ ಮರದ ಪಟ್ಟಿ ಬಿಗಿದು ಅದರ ಮೇಲೆ ಹಲಗೆ ಕೂಡಿಸುತ್ತಾರೆ.

ಎತ್ತರದ ವಿಷಯದಲ್ಲಿ ನಿಯಮ ಸರಳ. ದಿನವೂ ಬಳಸುವುದು ಸೊಂಟದಿಂದ ಕಣ್ಣಿನ ಮಟ್ಟದವರೆಗೆ, ಭಾರದ್ದು ಕೆಳಗೆ, ಅಪರೂಪದ್ದು ಅಟ್ಟಕ್ಕೆ.

ಹೊತ್ತೊಯ್ಯುವ ಚೀಲ ಮೂರನೆಯ ವಿಧ. ಯಾದಗಿರಿ ಜಿಲ್ಲೆಯಿಂದ ಬೆಂಗಳೂರು, ಪುಣೆ, ಮುಂಬೈಗಳಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗುವವರು ಬಹಳ. ಗೌಂಡಿ ಕೆಲಸದವರ ಚೀಲದಲ್ಲಿ ಕರಣಿ, ತೂಕದ ಗುಂಡು, ದಾರ, ಮಟ್ಟಗೋಲು, ಸುತ್ತಿಗೆ ಇರುತ್ತವೆ. ಕಾಂಕ್ರೀಟಿನ ಕಬ್ಬಿಣ ಕಟ್ಟುವವರ ಬಳಿ ತಂತಿ ತಿರುಚುವ ಕೊಕ್ಕೆ. ಇವರಿಗೆ ಚೀಲವೇ ಪೂರ್ಣ ಕಾರ್ಯಾಗಾರ. ಕರಣಿಯ ಅಂಚಿಗೆ ಮೆತ್ತಿದ ಸಿಮೆಂಟನ್ನು ಅಂದಂದೇ ತೊಳೆಯದಿದ್ದರೆ ಮರುದಿನ ಅದು ಹತಾರವಾಗಿ ಉಳಿಯುವುದಿಲ್ಲ.

ರಕ್ಷಣೆ

ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು ಮತ್ತು ಗಾಳಿ ಎರಡೂ ಬೇಕು. ಗಾಳಿಯ ತೇವಾಂಶ ನೂರಕ್ಕೆ 60ನ್ನು ದಾಟಿದ ಮೇಲೆ ತುಕ್ಕಿನ ವೇಗ ಏರುತ್ತದೆ. ಈ ಸೀಮೆಯ ಬೇಸಿಗೆ ಒಣ ಬೇಸಿಗೆ, ಆದ್ದರಿಂದ ತುಕ್ಕಿನ ಭಯ ಹೆಚ್ಚಾಗಿ ಮುಂಗಾರು ಮತ್ತು ಹಿಂಗಾರಿನ ತಿಂಗಳುಗಳದ್ದು. ಆದರೆ ಮಳೆಗಿಂತ ಹೆಚ್ಚು ಹಾನಿ ಮಾಡುವುದು ಗೊಬ್ಬರ. ಯೂರಿಯಾ, ಡಿಎಪಿ ಚೀಲಗಳು ಗಾಳಿಯ ನೀರನ್ನು ಎಳೆದುಕೊಳ್ಳುತ್ತವೆ. ಅವುಗಳ ಪುಡಿ ಬಿದ್ದ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಪಂಪಿನ ಮನೆಯಲ್ಲಿ ಗೊಬ್ಬರ ಮತ್ತು ಪಾನಾ ಒಂದೇ ಮೂಲೆಯಲ್ಲಿ ಇರುವುದು ಸಾಮಾನ್ಯ ದೃಶ್ಯ, ಹತಾರ ಕೆಡುವುದಕ್ಕೆ ಇದೇ ದೊಡ್ಡ ಕಾರಣಗಳಲ್ಲೊಂದು. ಕರಿಮಣ್ಣು ಮೆತ್ತಿದ ಸಲಿಕೆ, ಕುಡಗಳೂ ತೇವ ಹಿಡಿದಿಟ್ಟುಕೊಳ್ಳುತ್ತವೆ, ತೊಳೆದು ಒಣಗಿಸಿಯೇ ಒಳಗಿಡಬೇಕು.

ಎಣ್ಣೆಯ ಆಯ್ಕೆಗೂ ಕಾರಣಗಳಿವೆ. ಔಡಲೆಣ್ಣೆ ಒಣಗಿ ಗಟ್ಟಿಯಾಗುವುದಿಲ್ಲ. ಬಂಡಿಯ ಅಚ್ಚಿಗೆ ಅದನ್ನು ಹಾಕುತ್ತಿದ್ದುದು ಇದಕ್ಕೇ. ಈ ಸೀಮೆಯಲ್ಲೇ ಬೆಳೆಯುವ ಕುಸುಬೆಯ ಎಣ್ಣೆ ಗಾಳಿಗೆ ಒಣಗಿ ಪದರ ಕಟ್ಟುತ್ತದೆ. ಅದು ಮರದ ಕಾವುಗಳಿಗೆ ಒಳ್ಳೆಯದು, ಪಕ್ಕಡಿನ ಕೀಲಿಗೆ ಹಾಕಿದರೆ ಜಿಗಟಾಗಿ ಹಿಡಿದುಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಮರ ಒಣಗಿ ಕುಗ್ಗಿ ಸುತ್ತಿಗೆ, ಕೊಡಲಿಗಳ ತಲೆ ಸಡಿಲಾಗುತ್ತದೆ. ನೀರಲ್ಲಿ ನೆನೆಹಾಕುವುದು ತಾತ್ಕಾಲಿಕ ಉಪಾಯ. ಒಣಗಿದೊಡನೆ ಮತ್ತೆ ಸಡಿಲ. ಹೊಸ ಬೆಣೆ ಬಡಿದು ಎಣ್ಣೆ ಕುಡಿಸುವುದೇ ಸರಿಯಾದ ದುರಸ್ತಿ.

ಗೆದ್ದಲಿನಿಂದ ಕಾವುಗಳನ್ನು ಉಳಿಸಲು ಅವು ನೆಲಕ್ಕೂ ಮಣ್ಣಿನ ಗೋಡೆಗೂ ತಾಗದಂತೆ ತೂಗಬೇಕು. ಬಹಳ ದಿನ ಅಲುಗಿಸದ ಮೂಲೆ, ಗೋಣಿಚೀಲ, ಪೈಪಿನ ರಾಶಿಗಳಲ್ಲಿ ಚೇಳು ಸೇರುತ್ತದೆ. ಕೈ ಹಾಕುವ ಮೊದಲು ಕೋಲಿನಿಂದ ಅಲುಗಿಸುವುದು ಈ ಭಾಗದಲ್ಲಿ ಮಕ್ಕಳಿಗೂ ಗೊತ್ತಿರುವ ಎಚ್ಚರ. ಪೈಪು ಅಂಟಿಸುವ ಸಲ್ಯೂಷನ್, ಬಣ್ಣ, ಪೆಟ್ರೋಲುಗಳನ್ನು ವಿದ್ಯುತ್ ಸಾಮಾನಿನಿಂದ ದೂರ, ಮುಚ್ಚಳ ಬಿಗಿದು ಇಡಬೇಕು.

ಆಯುಧಪೂಜೆ

ಮಹಾನವಮಿಯ ಆಯುಧಪೂಜೆಯನ್ನು ಉತ್ತರ ಕರ್ನಾಟಕದಲ್ಲಿ ಖಂಡೆ ಪೂಜೆ ಎಂದೂ ಕರೆಯುತ್ತಾರೆ. ಅಂದು ಮನೆಯ ಹತಾರಗಳನ್ನೆಲ್ಲ ಹೊರತೆಗೆದು, ತೊಳೆದು, ತುಕ್ಕು ಕೆರೆದು, ಎಣ್ಣೆ ಸವರಿ, ಒಂದೆಡೆ ಸಾಲಾಗಿ ಜೋಡಿಸಿ ಪೂಜಿಸುತ್ತಾರೆ. ಆ ದಿನ ಅವುಗಳಿಂದ ಕೆಲಸ ಮಾಡುವುದಿಲ್ಲ. ಧಾರ್ಮಿಕ ಆಚರಣೆಯಾಗಿರುವುದರ ಜೊತೆಗೆ ಇದು ವರ್ಷಕ್ಕೊಮ್ಮೆ ನಡೆಯುವ ಪೂರ್ಣ ಎಣಿಕೆಯೂ ಹೌದು. ನೆರೆಮನೆಗೆ ಹೋದ ಹತಾರ ಮರಳುವುದು, ಕಾವು ಮುರಿದದ್ದು ಕಣ್ಣಿಗೆ ಬೀಳುವುದು, ಇಲ್ಲದ್ದು ಇಲ್ಲವೆಂದು ತಿಳಿಯುವುದು ಅಂದೇ. ಕಾಲವೂ ತಕ್ಕದ್ದು: ಮುಂಗಾರಿನ ತೇವ ಕಳೆದು ಹಿಂಗಾರಿ ಜೋಳ, ಕಡಲೆಯ ಬಿತ್ತನೆಗೆ ಕೂರಿಗೆ ಅಣಿಯಾಗಬೇಕಾದ ಹೊತ್ತು.

ಇಂದಿನ ಸ್ಥಿತಿ

ಕಕ್ಕೇರಾ ಈಗ ಪುರಸಭೆಯುಳ್ಳ ಪಟ್ಟಣ. ಸಿಮೆಂಟಿನ ಮನೆಗಳು ಹೆಚ್ಚಿದಂತೆ ಜಂತಿ ಮತ್ತು ಗೋಡೆಗೂಡು ಎರಡೂ ಕಡಿಮೆಯಾಗಿವೆ. ತೆಳು ಗೋಡೆಯಲ್ಲಿ ಗೂಡಿಗೆ ದಪ್ಪವಿಲ್ಲ. ಅವುಗಳ ಜಾಗಕ್ಕೆ ಕಬ್ಬಿಣದ ರ್ಯಾಕು, ಖಾನೆಗಳಿರುವ ಪ್ಲಾಸ್ಟಿಕ್ ಪೆಟ್ಟಿಗೆ ಬಂದಿವೆ. ಖಾನೆಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಾಗ ಮುಚ್ಚಳ ಮತ್ತು ಖಾನೆಯ ನಡುವಿನ ಸಂದಿಯಿಂದ ವಾಶರು ಪಕ್ಕದ ಖಾನೆಗೆ ಜಾರುತ್ತದೆ. ಮುಚ್ಚಳದ ಒಳಗೆ ತೆಳು ರಬ್ಬರ್ ಹಾಳೆ ಅಂಟಿಸಿದರೆ ಇದು ನಿಲ್ಲುತ್ತದೆ. ಬಿಸಿಲು ತಾಗುವ ಕಡೆ ಅಗ್ಗದ ಪ್ಲಾಸ್ಟಿಕ್ಕು ಕೆಲವೇ ವರ್ಷಗಳಲ್ಲಿ ಪೆಡಸಾಗಿ ಒಡೆಯುತ್ತದೆ.

ಎತ್ತು ಕಡಿಮೆಯಾಗಿ ಟ್ರ್ಯಾಕ್ಟರು ಹೆಚ್ಚಿದ ಮೇಲೆ ಕುಲುಮೆಗಳ ಕೆಲಸ ಇಳಿದಿದೆ, ಆಯದ ಪದ್ಧತಿ ಬಹುಮಟ್ಟಿಗೆ ನಿಂತಿದೆ. ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆ ಬಡಗಿ, ಕಮ್ಮಾರ, ಶಿಲ್ಪಿ, ಗಾರೆ ಕೆಲಸ, ಹತಾರ ತಯಾರಿಕೆ ಸೇರಿ 18 ಕಸುಬುಗಳಿಗೆ ಅನ್ವಯಿಸುತ್ತದೆ. ತರಬೇತಿಯ ಜೊತೆ ಹತಾರ ಕೊಳ್ಳಲು 15,000 ರೂಪಾಯಿವರೆಗಿನ ನೆರವು ಅದರಲ್ಲಿದೆ.

ಬ್ಯಾಟರಿಯ ಡ್ರಿಲ್ಲು, ಬ್ಯಾಟರಿಯ ಔಷಧ ಸಿಂಪಡಣೆ ಯಂತ್ರಗಳು ಹೊಸದಾಗಿ ಮನೆ ಸೇರುತ್ತಿವೆ. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಚಾರ್ಜು ಮಾಡಬಾರದು. ಯಾದಗಿರಿ ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ, ತಗಡಿನ ಶೆಡ್ಡಿನೊಳಗೆ ಇನ್ನೂ ಹೆಚ್ಚು. ಹಳೆಯ ಕಲ್ಲು ಮಣ್ಣಿನ ಮನೆ ಉಳಿದಿರುವ ಕಡೆ ಒಳಕೋಣೆ ಮಧ್ಯಾಹ್ನದಲ್ಲೂ ಶೆಡ್ಡಿಗಿಂತ ತಂಪಾಗಿರುತ್ತದೆ, ಬ್ಯಾಟರಿ ಇಡಲು ಅಲ್ಲಿನ ಗೋಡೆಯ ಗೂಡೇ ತಕ್ಕ ಜಾಗ.